ಹೆದ್ದಾರಿ (ಪದ)

ಹೆದ್ದಾರಿ ಎಂಬುದು ಊರೂರುಗಳನ್ನು ಕೂಡಿಸುವ ದೊಡ್ಡ ರಸ್ತೆಯನ್ನು ಸೂಚಿಸುವ ಕನ್ನಡ ಪದ. ಇದು 'ಹಿರಿದು' ಮತ್ತು 'ದಾರಿ' ಸೇರಿ ಆದ ಕರ್ಮಧಾರಯ ಸಮಾಸ. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ ಎಂಬ ಆಡಳಿತದ ಹೆಸರುಗಳಿಗೂ ಇದೇ ಆಧಾರ.

ಹಳಗನ್ನಡದ 'ಪಿರಿದು' ಸಮಾಸದಲ್ಲಿ 'ಪೆರ್' ಎಂದಾಗುತ್ತಿತ್ತು. ನಡುಗನ್ನಡದಲ್ಲಿ ಪಕಾರವು ಹಕಾರವಾಯಿತು. ರಕಾರವು ಮುಂದಿನ ವ್ಯಂಜನದಲ್ಲಿ ಲೀನವಾಯಿತು. ಹೀಗೆ ಪೆರ್ಮರ ಹೆಮ್ಮರವಾಯಿತು, ಕೃಷ್ಣಾ ನದಿಯ ಹೆಸರಾದ ಪೆರ್ದೊರೆ ಹೆದ್ದೊರೆಯಾಯಿತು. ಹೆದ್ದಾರಿ, ಹೆಬ್ಬಾಗಿಲು, ಹೆಜ್ಜೇನುಗಳದೂ ಇದೇ ಕುಲ. ದಾರಿಗೆ 'ಬಟ್ಟೆ' ಎಂಬ ಹಳೆಯ ಹೆಸರೂ ಇದ್ದುದರಿಂದ ದೊಡ್ಡ ದಾರಿಯನ್ನು 'ಹೆಬ್ಬಟ್ಟೆ' ಎಂದೂ ಕರೆದಿದ್ದಾರೆ. ಬಟ್ಟೆಗೆ ಅರಿವೆ ಎಂಬ ಅರ್ಥವೇ ಬಳಕೆಯಲ್ಲಿ ಉಳಿದ ಮೇಲೆ ಆ ಪದ ಮರೆಯಾಯಿತು. ತಮಿಳಿನ 'ಪೆರುವಳಿ' ಇದೇ ಬಗೆಯ ರಚನೆ.

ತುಮಕೂರು ಜಿಲ್ಲೆಯ ಸಿರಾದಲ್ಲಿ ರಾಷ್ಟ್ರೀಯ ಹೆದ್ದಾರಿ 48 (ಹಿಂದಿನ 4) ಮತ್ತು 69 ಸಂಧಿಸುತ್ತವೆ. ಎರಡನೆಯದು ಮಧುಗಿರಿಯ ಕಡೆಗೆ ಸಾಗುತ್ತದೆ. ಬರಗೂರು, ಪಾವಗಡದ ಗಡಿ ಸೀಮೆಯಲ್ಲಿ ಕನ್ನಡದೊಡನೆ ತೆಲುಗೂ ಬಳಕೆಯಲ್ಲಿದೆ. ತೆಲುಗಿನ 'ಪೆದ್ದ' ಎಂಬುದು ನಮ್ಮ 'ಪಿರಿದು' ಪದದ ದಾಯಾದಿ; ಅಲ್ಲಿ ಪಕಾರ ಇಂದಿಗೂ ಉಳಿದಿದೆ. ಆದರೆ ಗಡಿ ದಾಟಿದರೆ ಹೆದ್ದಾರಿಗೆ ಇರುವ ಹೆಸರು 'ರಹದಾರಿ'. ಕನ್ನಡದಲ್ಲಿ ರಹದಾರಿ ಎಂದರೆ ಪರವಾನಗಿ ಪತ್ರ. ಎರಡಕ್ಕೂ ಮೂಲ ಒಂದೇ: ಫಾರಸಿಯಲ್ಲಿ 'ರಾಹ್' ಎಂದರೆ ದಾರಿ, 'ರಾಹ್‌ದಾರ್' ಎಂದರೆ ದಾರಿ ಕಾಯುವವನು, 'ರಾಹ್‌ದಾರಿ' ಅವನು ಎತ್ತುವ ಸುಂಕ. ಸುಂಕದ ಹೆಸರು ಒಂದು ಭಾಷೆಯಲ್ಲಿ ರಸ್ತೆಗೂ ಇನ್ನೊಂದರಲ್ಲಿ ಚೀಟಿಗೂ ಅಂಟಿಕೊಂಡಿತು. ರಹದಾರಿಯ ಕೊನೆಯಲ್ಲಿ ಕೇಳುವ 'ದಾರಿ' ನಮ್ಮ ದಾರಿಯಲ್ಲ. ವಿದ್ಯಾರ್ಥಿಗಳು ಇವೆರಡನ್ನು ಬೆರೆಸಬಾರದು.

ಸ್ಪ್ಯಾನಿಷ್ ಭಾಷೆಯಲ್ಲಿ ಮುಖ್ಯ ರಸ್ತೆಗೆ 'ಕರೆತೆರಾ' ಎನ್ನುತ್ತಾರೆ. 'ಕರೆತಾ' ಎಂದರೆ ಬಂಡಿ; ಆದ್ದರಿಂದ ಅದು ಮೂಲತಃ ಬಂಡಿದಾರಿ. ಅದೇ ಭಾಷೆಯ 'ಕಮಿನೊ ರೆಯಾಲ್' ಅಕ್ಷರಶಃ ರಾಜಮಾರ್ಗ. ಮೆಕ್ಸಿಕೊ ನಗರದಿಂದ ಉತ್ತರದ ಸಾಂತಾ ಫೆಗೆ ಹೋಗುತ್ತಿದ್ದ ಇಂಥ ಒಂದು ಮಾರ್ಗದ ಮೆಕ್ಸಿಕೊ ಭಾಗವು 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕನ್ನಡದಲ್ಲಿ ರಾಜಮಾರ್ಗವು ರಸ್ತೆಗಷ್ಟೇ ನಿಲ್ಲದೆ ನೇರವಾದ, ನಿರ್ವಿವಾದವಾದ ವಿಧಾನ ಎಂಬ ಅರ್ಥವನ್ನೂ ಪಡೆದಿದೆ. 9ನೆಯ ಶತಮಾನದ 'ಕವಿರಾಜಮಾರ್ಗ'ದ ಹೆಸರಿನಲ್ಲಿ ಮಾರ್ಗ ಎಂದರೆ ಕಾವ್ಯರಚನೆಯ ರೀತಿ.

'ಹೆದ್ಧಾರಿ' ಎಂದು ಮಹಾಪ್ರಾಣ ಹಾಕಿ ಬರೆಯುವುದು ತಪ್ಪು. ಪತ್ರಿಕೆಗಳಲ್ಲಿ ಕಾಣುವ 'ಹೆದ್ದಾರಿ ರಸ್ತೆ' ಎಂಬುದರಲ್ಲಿ ರಸ್ತೆ ಅನಗತ್ಯ.