ಶಾಲೆಯ ಸಂಸ್ಕಾರ ಮತ್ತು ಊಟದ ಪಂಕ್ತಿ

ವಿದ್ಯಾಸಂಸ್ಥೆಯ ಸಂಸ್ಕಾರವನ್ನು ನಾವು ಪ್ರಾರ್ಥನೆಯಲ್ಲಿಯೂ ಪರೀಕ್ಷಾ ಫಲಿತಾಂಶದಲ್ಲಿಯೂ ಅರಸುತ್ತೇವೆ. ಕರ್ಮವೀರ ಭಾವುರಾವ್ ಪಾಟೀಲರು ಅದನ್ನು ಊಟದ ಪಂಕ್ತಿಯಲ್ಲಿ ಕಂಡರು.

1887ರಲ್ಲಿ ಕುಂಭೋಜದಲ್ಲಿ ಜನಿಸಿದ ಈ ದಿಗಂಬರ ಜೈನರ ಮನೆತನದ ಮೂಲ ನಮ್ಮ ಮೂಡುಬಿದಿರೆ. ಕೊಲ್ಹಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿದ್ದಾಗ ಅವರು ಅಸ್ಪೃಶ್ಯರೆನಿಸಿದ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದರು. ಮರಳಿದ ಮೇಲೆ ಶುದ್ಧಿಸ್ನಾನಕ್ಕೆ ಒಪ್ಪದ ಕಾರಣ ನಿಲಯವನ್ನು ತೊರೆಯಬೇಕಾಯಿತು. ಆ ಬಾಲಕನನ್ನು ಹೊರಗಿಟ್ಟವರು ಪರಧರ್ಮೀಯರಲ್ಲ, ನಾವೇ ಎಂಬುದನ್ನು ಮರೆಯಲಾಗದು.

ಅವರು ಕಹಿಯನ್ನು ಬೆಳೆಸಲಿಲ್ಲ. 1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು, 1924ರಲ್ಲಿ ಸಾತಾರೆಯಲ್ಲಿ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದರು. ಅಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಉಂಡು, ದುಡಿದು ಓದಿದರು. 1927ರಲ್ಲಿ ಗಾಂಧೀಜಿಯವರು ಆ ನಿಲಯಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು.

ಇದು ಹೊಸ ಧರ್ಮವೇನಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೂ ಸೇರಿವೆ. ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವುಂಟು.

ಹುಬ್ಬಳ್ಳಿ-ಧಾರವಾಡದ ನಮ್ಮ ಟ್ರಸ್ಟುಗಳು ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತವೆ. ವಿಶ್ವಸ್ತರು ತಿಂಗಳಿಗೊಮ್ಮೆಯಾದರೂ ಮುನ್ಸೂಚನೆಯಿಲ್ಲದೆ ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಯಾವ ಮಗು ಒಂಟಿಯಾಗಿ ಕುಳಿತಿದೆ, ಯಾರಿಗೆ ಕೊನೆಯಲ್ಲಿ ಬಡಿಸುತ್ತಾರೆ ಎಂಬುದನ್ನು ನೋಡಲಿ. ಜಮಾಖರ್ಚಿನ ಪುಸ್ತಕ ತೋರಿಸದ ನಷ್ಟ ಅಲ್ಲಿ ಕಾಣುತ್ತದೆ.