ನಲ್ಲಿ ನಮ್ಮದು, ನೀರು ಎಲ್ಲರದು

ಹೊಸ ಮನೆ ಕಟ್ಟಿಸುವವರು ನೀರಿನ ಸಂಪರ್ಕಕ್ಕಾಗಿ ಅರ್ಜಿ ಹಾಕಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನೀರು ಮನೆಯೊಳಕ್ಕೆ ಬಂದ ಮೇಲೂ ಅದನ್ನು ಯಾವ ಕೊಳವೆಯಲ್ಲಿ, ಯಾವ ರೀತಿಯಲ್ಲಿ ಹರಿಸಬೇಕೆಂದು ಪೂರೈಸುವವರು ವಿಧಿಸುತ್ತಾರೆಂಬುದನ್ನು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ವಿಷಯವಾಗಿ ಬೇಸರಪಟ್ಟು ಬರೆದಿದ್ದುಂಟು. ಅಲ್ಲಿ 230 ಲೀಟರಿಗಿಂತ ಹೆಚ್ಚು ನೀರು ಹಿಡಿಯುವ ಸ್ನಾನದ ತೊಟ್ಟಿಯನ್ನು ಕೂರಿಸುವುದಿದ್ದರೆ, ನಿಮಿಷಕ್ಕೆ 12 ಲೀಟರಿಗಿಂತ ಹೆಚ್ಚು ನೀರೆಳೆಯುವ ಪಂಪನ್ನು ಪೂರೈಕೆಯ ಕೊಳವೆಗೆ ಜೋಡಿಸುವುದಿದ್ದರೆ, ಆ ಪ್ರದೇಶದ ನೀರಿನ ಕಂಪನಿಗೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಹತ್ತು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ದೊರೆತಂತೆಯೇ. “ಮನೆ ನಮ್ಮದು, ದುಡ್ಡು ನಮ್ಮದು, ಇವರನ್ನೇನು ಕೇಳುವುದು?” ಎಂಬ ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಲಂಡನ್ ನಗರಕ್ಕೆ ನೀರು ಕೊಡುತ್ತಿದ್ದವು ಖಾಸಗಿ ಕಂಪನಿಗಳು. ನಗರದ ದಕ್ಷಿಣ ಭಾಗದ ಹಲವು ಬೀದಿಗಳಲ್ಲಿ ಎರಡು ಕಂಪನಿಗಳ ಕೊಳವೆಗಳು ಪಕ್ಕಪಕ್ಕದಲ್ಲೇ ಹಾದುಹೋಗಿದ್ದವು. ಒಂದು ಲ್ಯಾಂಬೆತ್ ಕಂಪನಿ. ಇನ್ನೊಂದು ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ. ಒಂದು ಮನೆಗೆ ಒಂದರ ನೀರು, ಪಕ್ಕದ ಮನೆಗೆ ಮತ್ತೊಂದರ ನೀರು. 1852ರಲ್ಲಿ ಲ್ಯಾಂಬೆತ್ ಕಂಪನಿಯು ಥೇಮ್ಸ್ ನದಿಯಲ್ಲಿ ಮೇಲಕ್ಕೆ, ನಗರದ ಕೊಳೆ ತಲುಪದ ಜಾಗಕ್ಕೆ, ತನ್ನ ನೀರೆತ್ತುವ ಸ್ಥಾನವನ್ನು ಸಾಗಿಸಿತು. ಇನ್ನೊಂದು ಕಂಪನಿಯು ನಗರದ ಚರಂಡಿಗಳು ಬಂದು ಸೇರುವ ಬ್ಯಾಟರ್ಸಿಯಲ್ಲೇ ನೀರೆತ್ತುತ್ತಿತ್ತು.

1854ರಲ್ಲಿ ಕಾಲರಾ ಬಂದಿತು. ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿಯನ್ನು ತೆಗೆಸಿದ ವೈದ್ಯ ಜಾನ್ ಸ್ನೋ ಅವರ ಕಥೆಯನ್ನು ನೀವು ಓದಿರಬಹುದು. ಅದಕ್ಕಿಂತ ಮಹತ್ತ್ವದ ಕೆಲಸವನ್ನು ಅವರು ದಕ್ಷಿಣ ಲಂಡನ್ನಿನಲ್ಲಿ ಮಾಡಿದರು. ಸತ್ತವರ ಮನೆಮನೆಗೆ ಹೋಗಿ “ನಿಮಗೆ ನೀರು ಕೊಡುವವರು ಯಾರು?” ಎಂದು ವಿಚಾರಿಸಿದರು. ಅನೇಕರಿಗೆ ಗೊತ್ತೇ ಇರಲಿಲ್ಲ! ಆಗ ಸ್ನೋ ಅವರು ನೀರಿನಲ್ಲಿದ್ದ ಉಪ್ಪಿನಂಶವನ್ನು ಪರೀಕ್ಷಿಸಿ, ಅದು ಯಾವ ಕಂಪನಿಯದೆಂದು ನಿರ್ಧರಿಸಿದರು. ಸಮುದ್ರದ ಉಬ್ಬರದ ನೀರು ಬಂದು ಬೆರೆಯುವ ಬ್ಯಾಟರ್ಸಿಯ ನೀರಿನಲ್ಲಿ ಉಪ್ಪು ಬಹಳ ಹೆಚ್ಚಾಗಿತ್ತು. ಆ ಸಾಂಕ್ರಾಮಿಕದ ಮೊದಲ ಏಳು ವಾರಗಳ ಲೆಕ್ಕವನ್ನು ಅವರು ಪ್ರಕಟಿಸಿದರು. ಪ್ರತಿ ಹತ್ತು ಸಾವಿರ ಮನೆಗಳಿಗೆ ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯ ನೀರು ಕುಡಿದವರಲ್ಲಿ 315 ಸಾವುಗಳು. ಲ್ಯಾಂಬೆತ್ ನೀರು ಕುಡಿದವರಲ್ಲಿ 37. ಬೀದಿ ಅದೇ, ಗಾಳಿ ಅದೇ, ಬಡತನವೂ ಅದೇ. ಬೇರೆಯಾಗಿದ್ದುದು ಕೊಳವೆಯೊಂದೇ.

ನೀರಿನ ಮೂಲ ಶುದ್ಧವಾದರೆ ಸಾಲದು, ದಾರಿಯೂ ಶುದ್ಧವಾಗಿರಬೇಕೆಂಬುದು ಅನಂತರದ ಪಾಠ. ಆಗಿನ ಲಂಡನ್ನಿನ ಹೆಚ್ಚಿನ ಬಡಾವಣೆಗಳಿಗೆ ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ನೀರು ಬಿಡುತ್ತಿದ್ದರು. ಜನರು ಪೀಪಾಯಿಗಳಲ್ಲಿಯೂ ತೊಟ್ಟಿಗಳಲ್ಲಿಯೂ ನೀರು ತುಂಬಿಟ್ಟುಕೊಳ್ಳುತ್ತಿದ್ದರು. ಆದರೆ ನಾಟಿಂಗ್‌ಹ್ಯಾಮ್ ನಗರದಲ್ಲಿ ತಾಮಸ್ ಹಾಕ್ಸ್‌ಲಿ ಎಂಬ ಎಂಜಿನಿಯರರು 1830ರ ದಶಕದಲ್ಲಿಯೇ ಹಗಲಿರುಳೂ ಕೊಳವೆಯಲ್ಲಿ ನೀರು ತುಂಬಿರುವಂತಹ ವ್ಯವಸ್ಥೆಯನ್ನು ಮಾಡಿ ತೋರಿಸಿದ್ದರು. ಒತ್ತಡವಿರುವ ಕೊಳವೆಯಲ್ಲಿ ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆಯೇ ಹೊರತು ಕೊಳೆ ಒಳಕ್ಕೆ ನುಗ್ಗುವುದಿಲ್ಲ. ಲಂಡನ್ನಿಗೂ ಇದೇ ಬೇಕೆಂಬ ಒತ್ತಾಯ ಹೆಚ್ಚಿದಾಗ ಕಂಪನಿಗಳು ಒಂದು ನ್ಯಾಯವಾದ ಮಾತನ್ನು ಎತ್ತಿದವು: “ಇಡೀ ದಿನ ನೀರು ಬಿಟ್ಟರೆ ಜನರ ಮನೆಯ ಹಳೆಯ ನಲ್ಲಿಗಳಲ್ಲಿಯೇ ಅರ್ಧ ನೀರು ಸೋರಿಹೋಗುವುದಲ್ಲವೇ?” 1871ರ ಕಾಯಿದೆಯು ಈ ಎರಡು ತುದಿಗಳನ್ನೂ ಕೂಡಿಸಿತು. ನಿರಂತರವಾಗಿ ನೀರು ಕೊಡುವ ಹೊಣೆ ಕಂಪನಿಗಳದು. ಗೊತ್ತುಪಡಿಸಿದ ರೀತಿಯ ನಲ್ಲಿ, ಕೊಳವೆ, ತೊಟ್ಟಿಗಳನ್ನು ಇರಿಸಿಕೊಳ್ಳುವ ಹೊಣೆ ಮನೆಯವರದು. ಮನೆಯೊಳಗಿನ ನಲ್ಲಿಯ ಮೇಲಿನ ನಿಯಮವು ಹೀಗೆ ಒಂದು ಕರಾರಿನ ಅರ್ಧಭಾಗವಾಗಿ ಹುಟ್ಟಿತು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1904ರಲ್ಲಿ ಲಂಡನ್ನಿನ ಎಂಟು ಕಂಪನಿಗಳ ಕೆಲಸವನ್ನು ಒಂದು ಸಾರ್ವಜನಿಕ ಮಂಡಳಿಯು ವಹಿಸಿಕೊಂಡಿತು. 1974ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಹತ್ತು ಪ್ರಾದೇಶಿಕ ಪ್ರಾಧಿಕಾರಗಳಾದವು. 1989ರಲ್ಲಿ ಅವು ಖಾಸಗಿಯಾದವು. ಒಂದೊಂದು ಪ್ರದೇಶಕ್ಕೆ ಒಂದೊಂದು ಉಪವಿಧಿಗಳಿದ್ದ ಪದ್ಧತಿ 1999ರ ಜುಲೈ 1ರಂದು ಕೊನೆಗೊಂಡು, ಎಲ್ಲೆಡೆಗೂ ಒಂದೇ ನಿಯಮಾವಳಿ ಬಂದಿತು. ಆದರೆ ಅದನ್ನು ಜಾರಿಗೆ ತರುವವರು ಇಂದಿಗೂ ಆಯಾ ಪ್ರದೇಶದ ನೀರಿನ ಕಂಪನಿಯವರೇ. ಆದುದರಿಂದಲೇ ಅಲ್ಲಿರುವವರು ಮೊದಲು ತಿಳಿದುಕೊಳ್ಳಬೇಕಾದುದು ಸ್ನೋ ಅವರ ಹಳೆಯ ಪ್ರಶ್ನೆಯ ಉತ್ತರವನ್ನು. ಕೆಲವು ಊರುಗಳಲ್ಲಿ ನೀರು ಕೊಡುವ ಕಂಪನಿಯೇ ಬೇರೆ, ಒಳಚರಂಡಿ ನೋಡಿಕೊಳ್ಳುವ ಕಂಪನಿಯೇ ಬೇರೆ.

ಈ ನಿಯಮಗಳು ಮುಖ್ಯವಾಗಿ ಹೆದರುವುದು ಒಂದು ಸಂಗತಿಗೆ: ನೀರು ಹಿಂದಕ್ಕೆ ಹರಿಯುವುದಕ್ಕೆ. ಎಳನೀರಿಗೆ ಕೊಳವೆ ಹಾಕಿ ಹೀರುವ ಹುಡುಗನನ್ನು ನೆನೆದುಕೊಳ್ಳಿ. ಬೀದಿಯ ಕೊಳವೆಯಲ್ಲಿ ಒತ್ತಡ ಕುಸಿದಾಗ ಆ ಕೊಳವೆಯೇ ಹೀರುವ ಬಾಯಿಯಾಗುತ್ತದೆ. ನಮ್ಮ ಮನೆಯ ರಬ್ಬರ್ ಪೈಪಿನ ತುದಿ ಬಟ್ಟೆ ನೆನೆಹಾಕಿದ ಬಕೆಟ್ಟಿನಲ್ಲಿ ಮುಳುಗಿದ್ದರೆ, ಆ ಸೋಪಿನ ನೀರು ಪಕ್ಕದ ಮನೆಯವರ ಲೋಟಕ್ಕೆ ಹೋದೀತು. ತೊಟ್ಟಿಯ ಅಂಚಿಗಿಂತ ನಲ್ಲಿಯ ಬಾಯಿ ಮೇಲಿರಬೇಕು, ನಡುವೆ ಗಾಳಿಯ ತೆರಪಿರಬೇಕು ಎಂಬ ಸರಳ ವಿಧಿ ಇದಕ್ಕಾಗಿಯೇ ಇದೆ.

ಈಗ ನಮ್ಮ ನಾಡಿಗೆ ಬರೋಣ. ಕೆರೆಬಾವಿಗಳನ್ನೇ ನೆಚ್ಚಿದ್ದ ಬೆಂಗಳೂರಿಗೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಜೊತೆಗೂಡಿತು. 1964ರ ಕಾಯಿದೆಯಿಂದ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಬಂದಳು. ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತಂದ ನೀರದು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಯಾಯಿತು. ಆದರೂ ಬಹುತೇಕ ಬಡಾವಣೆಗಳಲ್ಲಿ ನೀರು ಗೊತ್ತಾದ ಹೊತ್ತಿಗೆ ಮಾತ್ರ ಬರುತ್ತದೆ. ಅದಕ್ಕಾಗಿಯೇ ಮನೆಮನೆಗೂ ನೆಲದಡಿಯಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು. ಲಂಡನ್ನಿನ ಪೀಪಾಯಿಗಳು ನಮ್ಮಲ್ಲಿ ಇನ್ನೂ ಹೋಗಿಲ್ಲ.

ಸಂಪಿನಿಂದ ಟ್ಯಾಂಕಿಗೆ ಮೋಟಾರು ಹಾಕುವುದು ತಪ್ಪಲ್ಲ. ಬೀದಿಯ ಕೊಳವೆಗೇ ಮೋಟಾರು ಜೋಡಿಸಿ ನೀರೆಳೆಯುವುದು ತಪ್ಪು. ಒಬ್ಬರು ಹೀಗೆ ಎಳೆದರೆ ಬೀದಿಯ ಕೊನೆಯ ಮನೆಗೆ ನೀರು ಏರುವುದಿಲ್ಲ. ಆಗ ಅವರೂ ಮೋಟಾರು ತರುತ್ತಾರೆ. ಕೊಳವೆಯಲ್ಲಿ ಒತ್ತಡವೇ ಉಳಿಯದೆ, ಎಲ್ಲೋ ಸೀಳಿದ ಕೊಳವೆಯ ಸುತ್ತಲಿನ ಚರಂಡಿಯ ನೀರು ಒಳಕ್ಕೆ ಹೀರಲ್ಪಡುತ್ತದೆ. 2025ರ ಏಪ್ರಿಲಿನಲ್ಲಿ ಜಲಮಂಡಳಿಯು ಇಂತಹ ಮೋಟಾರುಗಳ ವಿರುದ್ಧ ಕಾರ್ಯಾಚರಣೆ ಕೈಗೊಂಡು 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡದ ಸುದ್ದಿ ಎಲ್ಲರ ಬಾಯಲ್ಲಿತ್ತು. ದಂಡದ ಕಾರಣ ಕೆಲವರಿಗಷ್ಟೇ ಗೊತ್ತಿತ್ತು.

ಸ್ನೋ ಅವರ ಪರೀಕ್ಷೆಯಂತಹುದೇ ಒಂದು ಪರೀಕ್ಷೆ ನಮ್ಮ ಕರ್ನಾಟಕದಲ್ಲಿಯೂ ನಡೆದಿದೆ. 2008ರ ವೇಳೆಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ಹಳೆಯ ಕೊಳವೆಗಳನ್ನು ತೆಗೆದು ಹೊಸವನ್ನು ಹೂಳಿ, ಮನೆಮನೆಗೂ ಮೀಟರ್ ಹಾಕಿ, ಹಗಲಿರುಳು ನೀರು ಕೊಡುವ ಯೋಜನೆ ಜಾರಿಗೆ ಬಂದಿತು. ಅದೇ ಊರಿನ ಉಳಿದ ಭಾಗಗಳಿಗೆ ಕೆಲವು ದಿನಗಳಿಗೊಮ್ಮೆ ನೀರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ನಲ್ಲಿಗಳ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟುಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಲದಿಂದ ಬರುವ ಇ-ಕೋಲೈ ಎಂಬ ಬ್ಯಾಕ್ಟೀರಿಯ ಕಂಡುಬಂದಿತು. ನಿರಂತರ ನೀರಿನಲ್ಲಿ ಅದು ನೂರಕ್ಕೆ ಒಂದಕ್ಕೂ ಕಡಮೆ. ಒಂದೇ ಊರಿನ ನೀರು. ವ್ಯತ್ಯಾಸವನ್ನು ಮಾಡಿದ್ದು ಕೊಳವೆ ಮತ್ತು ಅದರೊಳಗಿನ ಒತ್ತಡ.

ಹಾಗಾದರೆ ನಿರಂತರ ನೀರು ಬಂದ ಮೇಲೆ ನಿಯಮ ಪಾಲಿಸೋಣವೆಂದು ಕಾಯಬೇಕೇ? 1871ರ ಕರಾರು ಹೇಳುವುದು ಬೇರೆಯದನ್ನೇ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೊಳವೆಯನ್ನು ಸರಿಯಾಗಿರಿಸಿಕೊಳ್ಳದೆ ಯಾವ ಮಂಡಳಿಯೂ ಯಾವ ಕಂಪನಿಯೂ ಇಡೀ ದಿನ ನೀರು ಬಿಡಲಾರದು. ಮಂಡಳಿಯು ಸೋರುವ ಬೀದಿ ಕೊಳವೆಗಳನ್ನು ರಿಪೇರಿ ಮಾಡದೆ ಬರಿಯ ದಂಡ ಹಾಕಿದರೂ ಕರಾರು ಮುರಿದಂತೆಯೇ. ಅದನ್ನು ಕೇಳುವ ಹಕ್ಕು ನಮಗಿದೆ.

ಆದುದರಿಂದ ಪ್ರಿಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದು ಕೋರಿಕೆ. ಸ್ನಾನದ ಮನೆಯನ್ನು ಹೊಸದಾಗಿ ಮಾಡಿಸುವಾಗ, ಪಂಪು ತರುವ ಮುಂಚೆ, ಹೊಸ ಕೊಳವೆ ಎಳೆಸುವ ಮುಂಚೆ, ನೀರು ಕೊಡುವವರನ್ನು ಒಂದು ಮಾತು ಕೇಳಿ. ಬೆಂಗಳೂರಿನವರಿಗೆ ಜಲಮಂಡಳಿಯ 1916 ಸಂಖ್ಯೆಯಿದೆ, ಪರವಾನಗಿ ಪಡೆದ ಪ್ಲಂಬರುಗಳಿದ್ದಾರೆ. ಬೇರೆ ಊರಿನವರು ನಗರಸಭೆಯಲ್ಲಿ ವಿಚಾರಿಸಬಹುದು. ಇಂಗ್ಲೆಂಡಿನವರು ತಮ್ಮ ಪ್ರದೇಶದ ಕಂಪನಿಗೆ ಬರೆದು ಹತ್ತು ದಿನ ಕಾಯಬಹುದು. ಬೀದಿಯ ಕೊನೆಯ ಮನೆಯಲ್ಲಿಯೂ ಮಕ್ಕಳಿರುತ್ತಾರೆ.