ಚೌಕದೊಳಗೆ ಅಡಗಿದ ರಾಗ

ಬಿಬಿಸಿ ಹೊರತರುತ್ತಿದ್ದ ‘ದಿ ಲಿಸನರ್’ ವಾರಪತ್ರಿಕೆ ತನ್ನ ಮೊದಲ ಪದಬಂಧವನ್ನು ಪ್ರಕಟಿಸಿದ್ದು 1930ರ ಏಪ್ರಿಲ್ 2ರಂದು. ರಚಿಸಿದವರ ಗುಪ್ತನಾಮ ‘ಡಾಗರೆಲ್’. ವಿಷಯ ಸಂಗೀತ. ಪತ್ರಿಕೆಗೆ ತಲುಪಿದ ಸರಿಯುತ್ತರ ಒಂದೇ ಒಂದು! ಬೇರೆ ಪತ್ರಿಕೆಯಾಗಿದ್ದರೆ ಅಂಕಣವನ್ನು ಅಲ್ಲಿಗೇ ಕೈಬಿಡುತ್ತಿತ್ತೇನೋ. ‘ಲಿಸನರ್’ ಬಿಡಲಿಲ್ಲ. 1991ರಲ್ಲಿ ಪತ್ರಿಕೆಯೇ ನಿಂತುಹೋದಾಗ ಪದಬಂಧ ಮಾತ್ರ ‘ದಿ ಟೈಮ್ಸ್’ಗೆ ಮನೆ ಬದಲಿಸಿತು.

ಪದಬಂಧವೆಂಬ ಆಟ ಆಗಿನ್ನೂ ಹದಿಹರೆಯದಲ್ಲಿತ್ತು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ವಜ್ರಾಕಾರದ ಒಂದು ಚಿತ್ರ ಬರೆದು, ಮನೆಗಳನ್ನು ತುಂಬಿರಿ ಎಂದಿದ್ದರು. ಅದು ಸರಳ ಆಟ. ಸುಳಿವು ಓದಬೇಕು, ಪದ ತುಂಬಬೇಕು, ಮುಗಿಯಿತು. ‘ಲಿಸನರ್’ ಮಾದರಿಯಲ್ಲಿ ಬೆಳೆದ ಪದಬಂಧ ಅಲ್ಲಿಗೆ ಮುಗಿಯುವುದಿಲ್ಲ. ಎಲ್ಲ ಮನೆಗಳೂ ತುಂಬಿದ ಮೇಲೆ ಅದರೊಳಗಿಂದ ಇನ್ನೊಂದು ಉತ್ತರ ಹೊರಬರಬೇಕು. ಅದು ಒಂದು ಹಾಡಿನ ಹೆಸರಿರಬಹುದು, ವಾದ್ಯವಿರಬಹುದು, ಸಂಗೀತಗಾರರ ಹೆಸರಿರಬಹುದು. ಅದಕ್ಕೆ ಸುಳಿವೇ ಇರುವುದಿಲ್ಲ. ಅಮೆರಿಕದಲ್ಲಿ ಈ ಶತಮಾನದಲ್ಲಿ ‘ಮೆಟಾ’ ಎಂಬ ಹೆಸರಿನಲ್ಲಿ ಇಂಥದ್ದೇ ಆಟ ಜನಪ್ರಿಯವಾಗಿದೆ. ಸ್ವತಃ ಹಾಡುಗಾರರಾದ ಪೀಟ್ ಮುಲ್ಲರ್ ಅವರು ತಿಂಗಳಿಗೊಂದು ಸಂಗೀತದ ಮೆಟಾ ರಚಿಸಿ ಹೆಸರಾದವರು.

ಇಂಥ ಅಡಗುತಾಣಕ್ಕೆ ಸಂಗೀತವೇ ಯಾಕೆ ಒಗ್ಗುತ್ತದೆ? ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳ ಹೆಸರುಗಳೇ ಅಕ್ಷರಗಳು. ಎ, ಬಿ, ಸಿ ಎಂದು ಶುರುವಾಗಿ ಜಿಗೆ ಮುಗಿಯುತ್ತವೆ. ಜರ್ಮನ್ನರಲ್ಲಿ ಎಚ್ ಕೂಡ ಉಂಟು. ಹಾಗಾಗಿ ಬಿ, ಎ, ಸಿ, ಎಚ್ ಎಂಬ ನಾಲ್ಕು ಸ್ವರ ನುಡಿಸಿದರೆ ‘ಬಾಖ್’ ಎಂದು ಸಹಿ ಹಾಕಿದಂತೆ. 1750ರಲ್ಲಿ ತೀರಿಕೊಂಡ ಬಾಖ್ ತನ್ನ ‘ಆರ್ಟ್ ಆಫ್ ಫ್ಯೂಗ್’ನ ಪೂರ್ಣಗೊಳ್ಳದ ಭಾಗದಲ್ಲಿ ಈ ಸಹಿಯನ್ನು ಬಿಟ್ಟುಹೋಗಿದ್ದಾನೆ. ರಷ್ಯಾದ ಶೋಸ್ಟಕೋವಿಚ್ ಕೂಡ ಜರ್ಮನ್ ಸ್ವರನಾಮಗಳ ಪ್ರಕಾರ ಡಿ, ಎಸ್, ಸಿ, ಎಚ್ ಎಂದು ತನ್ನ ಹೆಸರನ್ನು ಹೆಣೆದ. ಸರ್ಕಾರದ ಖಂಡನೆಗೆ ಗುರಿಯಾಗಿದ್ದ ಆತನ ಹತ್ತನೇ ಸಿಂಫನಿಯಲ್ಲಿ ಆ ನಾಲ್ಕು ಸ್ವರಗಳು ಗಟ್ಟಿಯಾಗಿ ಮೊಳಗಿದ್ದು 1953ರಲ್ಲಿ, ಸ್ಟಾಲಿನ್ ಸತ್ತ ವರ್ಷ. ಅದನ್ನು ಬರೀ ಆಟವೆನ್ನಲು ಮನಸ್ಸು ಬಾರದು.

ಆದರೆ ಇವೆರಡೂ ಸುಲಭದ ಒಗಟುಗಳು. ಕಷ್ಟದ್ದನ್ನು ಒಡ್ಡಿದವರು ಇಂಗ್ಲೆಂಡಿನ ಎಡ್ವರ್ಡ್ ಎಲ್ಗರ್. ಗುಪ್ತಲಿಪಿಗಳೆಂದರೆ ಅವರಿಗೆ ಹುಚ್ಚು. 1899ರ ಜೂನ್ 19ರಂದು ಲಂಡನ್ನಿನಲ್ಲಿ ಅವರ ‘ಎನಿಗ್ಮಾ ವೇರಿಯೇಷನ್ಸ್’ ಮೊದಲ ಬಾರಿಗೆ ನುಡಿಯಿತು. ಒಂದು ಮೂಲಧಾಟಿ, ಅದರ ಮೇಲೆ 14 ಬದಲಾವಣೆಗಳು. ಹೆಚ್ಚಿನವುಗಳ ನೆತ್ತಿಯ ಮೇಲೆ ಒಬ್ಬೊಬ್ಬ ಆಪ್ತರ ಹೆಸರಿನ ಮೊದಲಕ್ಷರಗಳು. ಕೊನೆಯದು ಎಲ್ಗರ್ ತಮ್ಮ ಬಗ್ಗೆಯೇ ಬರೆದುಕೊಂಡದ್ದು. ಆ ಮೊದಲಕ್ಷರಗಳ ಹಿಂದಿನ ಜನರನ್ನು ಗುರುತಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಆದರೆ ಇಡೀ ಕೃತಿಯ ಮೇಲೆ ಇನ್ನೊಂದು ದೊಡ್ಡ ಧಾಟಿ ಹಾದುಹೋಗುತ್ತದೆ, ಅದನ್ನು ಮಾತ್ರ ಯಾರೂ ನುಡಿಸುವುದಿಲ್ಲ, ಅದೇನೆಂದು ತಾವು ವಿವರಿಸುವುದೂ ಇಲ್ಲ ಎಂದುಬಿಟ್ಟರು ಎಲ್ಗರ್. 1934ರಲ್ಲಿ ತೀರಿಕೊಳ್ಳುವವರೆಗೂ ಬಾಯಿಬಿಡಲಿಲ್ಲ. ‘ಆಲ್ಡ್ ಲ್ಯಾಂಗ್ ಸೈನ್’ ಎಂದರು ಕೆಲವರು, ‘ರೂಲ್ ಬ್ರಿಟಾನಿಯಾ’ ಎಂದರು ಇನ್ನು ಕೆಲವರು. ಅದು ಧಾಟಿಯೇ ಅಲ್ಲ, ಸ್ನೇಹವೆಂಬ ಭಾವ ಎಂದವರೂ ಇದ್ದಾರೆ. ಪ್ರತಿಯೊಬ್ಬರಿಗೂ ತಮ್ಮ ಉತ್ತರ ಹೊಂದುವಂತೆಯೇ ಕಾಣುತ್ತದೆ.

ತಕರಾರು ಇರುವುದು ಇಲ್ಲೇ. ‘ಲಿಸನರ್’ಗೆ ಪದಬಂಧ ರಚಿಸುತ್ತಿದ್ದ ‘ಆಫ್ರಿಟ್’ ಎಂಬ ಗುಪ್ತನಾಮದವರು 1949ರ ತಮ್ಮ ಪುಸ್ತಕದಲ್ಲಿ ಈ ಆಟಕ್ಕೊಂದು ನ್ಯಾಯ ಹೇಳಿದರು. ಬಿಡಿಸುವವರ ದಾರಿ ತಪ್ಪಿಸುವ ಹಕ್ಕು ರಚಿಸುವವರಿಗೆ ಉಂಟು, ಆದರೆ ಬಳಸಿದ ಮಾತುಗಳು ಉತ್ತರಕ್ಕೆ ಕರಾರುವಾಕ್ಕಾಗಿ ಹೊಂದಲೇಬೇಕು ಎಂಬುದು ಅದರ ಸಾರ. ಅಡಗಿಸಿಟ್ಟ ಉತ್ತರಕ್ಕಂತೂ ಇದು ಇನ್ನಷ್ಟು ಸಲ್ಲುತ್ತದೆ. ಸಿಕ್ಕಿದೊಡನೆ ‘ಇದೇ, ಬೇರೆಯಲ್ಲ’ ಎನ್ನಿಸಬೇಕು. ಎಲ್ಗರ್ ಸಂಗೀತ ದೊಡ್ಡದು, ಒಗಟು ಮಾತ್ರ ನ್ಯಾಯದ್ದಲ್ಲ.

ನಮ್ಮ ಕನ್ನಡ ಪದಬಂಧದಲ್ಲಿ ಇಂಥದ್ದನ್ನು ಹೂಡುವುದು ಸಾಧ್ಯವೇ? ಖಂಡಿತ ಸಾಧ್ಯ, ಅದೂ ಇಂಗ್ಲಿಷಿಗಿಂತ ಸೊಗಸಾಗಿ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಕಾಗುಣಿತ ಒತ್ತಕ್ಷರ ಸಮೇತ. ಸಪ್ತಸ್ವರಗಳೂ ಒಂದೊಂದು ಅಕ್ಷರವೇ. ಸರಿ, ಗರಿ, ಮರಿ, ಪದ, ದನಿ ಎಲ್ಲವೂ ಸ್ವರಗಳಿಂದಲೇ ಆದ ಮಾತುಗಳು. ಈಗ ಹೀಗೆ ಮಾಡೋಣ. ಎಡದಿಂದ ಬಲಕ್ಕೆ ಹೋಗುವ ಐದು ಪದಗಳು ಸಮುದ್ರ, ರಿವಾಜು, ಗಡಿಯಾರ, ಪಲ್ಲಕ್ಕಿ, ದವನ. ಮೊದಲಕ್ಷರಗಳು ಸ ರಿ ಗ ಪ ದ. ಅಡಗಿದ ರಾಗ ಯಾವುದು?

ಸಂಗೀತ ಕಲಿಯುವ ಮಕ್ಕಳು ತಟ್ಟನೆ ‘ಮೋಹನ’ ಎಂದಾರು. ತುಸು ನಿಲ್ಲಿ. ಶಿವರಂಜನಿಗೂ ಇವೇ ಐದು ಅಕ್ಷರ, ಭೂಪಾಲಕ್ಕೂ ಇವೇ, ರೇವಗುಪ್ತಿಗೂ ಇವೇ. ರಿಷಭ, ಗಾಂಧಾರ, ದೈವತಗಳ ಬಗೆ ಬೇರೆ ಬೇರೆ, ಅಷ್ಟೆ. ಆ ಬಗೆ ಚೌಕದಲ್ಲಿ ಕಾಣುವುದಿಲ್ಲ. ಅಂದರೆ ನಮ್ಮ ಒಗಟೂ ಎಲ್ಗರ್ ಜಾಡನ್ನೇ ಹಿಡಿಯಿತು! ಸರಿಪಡಿಸಲು ಮೇಲಿನಿಂದ ಕೆಳಕ್ಕೆ ಇನ್ನು ಮೂರು ಪದ ಇಡಬೇಕು. ಮೋಡ, ಹಣತೆ, ನವಿಲು. ಮೊದಲಕ್ಷರಗಳನ್ನು ಕೂಡಿಸಿದರೆ ಮೋಹನ. ಎರಡು ದಾರಿಗಳಿಂದ ಒಂದೇ ಊರು ತಲುಪಿದ ಮೇಲೆ ಅನುಮಾನಕ್ಕೆ ಎಡೆಯಿಲ್ಲ.

ಈ ಎರಡನೆಯ ದಾರಿಯ ಉಪಾಯ ಕರ್ನಾಟಕ ಸಂಗೀತಕ್ಕೆ ಹೊಸದೇನಲ್ಲ. 72 ಮೇಳಗಳ ಲೆಕ್ಕವನ್ನು ವೆಂಕಟಮಖಿ 17ನೇ ಶತಮಾನದಲ್ಲಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಮುಂದಿಟ್ಟರು. ಮುಂದೆ ಮೇಳದ ಹೆಸರೊಳಗೇ ಅದರ ಕ್ರಮಸಂಖ್ಯೆಯನ್ನು ಅಡಗಿಸುವ ರೂಢಿ ಬಂತು. ಅದಕ್ಕೆ ಬಳಸಿದ್ದು ‘ಕಟಪಯಾದಿ’ ಸೂತ್ರ. ಅಲ್ಲಿ ಒಂದೊಂದು ವ್ಯಂಜನಕ್ಕೆ ಒಂದೊಂದು ಅಂಕೆ. ಹೆಸರಿನ ಮೊದಲೆರಡು ಅಕ್ಷರಗಳ ಅಂಕೆ ಬರೆದು ತಿರುಗಿಸಬೇಕು. ಮಾಯಾಮಾಳವಗೌಳದ ‘ಮಾ’ಗೆ 5, ‘ಯಾ’ಗೆ 1. ತಿರುಗಿಸಿದರೆ 15, ಅದೇ ಅದರ ಸ್ಥಾನ. ಸಂಖ್ಯೆ ತಿಳಿದರೆ ಸ್ವರಗಳೂ ತಿಳಿದಂತೆ. ಮೋಹನ ಜನ್ಯರಾಗವಾದ್ದರಿಂದ ಅದಕ್ಕೆ ಈ ಸೌಲಭ್ಯವಿಲ್ಲ.

ಹಳೆಯ ಹೆಸರು ಲೆಕ್ಕಕ್ಕೆ ಹೊಂದದಿದ್ದಾಗ ಏನು ಮಾಡಿದರು? ಶಂಕರಾಭರಣದ ಸ್ಥಾನ 29. ‘ಶಂ’ಗೆ 5 ಬರುವುದರಿಂದ ಲೆಕ್ಕ ಕೂಡುವುದಿಲ್ಲ. ಮುಂದೆ ‘ಧೀರ’ ಸೇರಿಸಿದರು. ‘ಧೀ’ಗೆ 9, ‘ರ’ಗೆ 2, ತಿರುಗಿಸಿದರೆ 29. ಕಲ್ಯಾಣಿಗೆ ‘ಮೇಚ’ ಅಂಟಿದ್ದೂ 65ರ ಸಲುವಾಗಿಯೇ. ಕಛೇರಿಯಲ್ಲಿ ಹಾಡುವವರು ಇಂದಿಗೂ ಬರೀ ಶಂಕರಾಭರಣ, ಕಲ್ಯಾಣಿ ಎನ್ನುತ್ತಾರೆ. ‘ಧೀರ’ವೂ ‘ಮೇಚ’ವೂ ಬೇಕಾಗುವುದು ಲೆಕ್ಕ ಹಾಕುವವರಿಗೆ.